ಕಾರಿನ ಎಸಿ: ಸೋರಿಕೆಯ ಪತ್ತೆ ಮತ್ತು ದುರಸ್ತಿ, ಹಾಸನ ಸೀಮೆಯ ಹಿನ್ನೆಲೆಯಲ್ಲಿ

ಕಾರಿನ ಎಸಿಯಲ್ಲಿರುವ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ, ಎಂಜಿನ್ ಆಯಿಲ್‌ನ ಹಾಗೆ ಹಳತಾಗಿ ಬದಲಿಸಬೇಕಾದ್ದೂ ಅಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಹೊರಗೆ ಹೋಗಿದೆ ಎಂದೇ ಅರ್ಥ. ಆದರೂ ಹಾಸನದ ಬಿ.ಎಂ. ರಸ್ತೆಯಿಂದ ಹಿಡಿದು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ಗ್ಯಾರೇಜುಗಳವರೆಗೆ ಬೇಸಿಗೆ ಕಾಲಿಟ್ಟೊಡನೆ ಕೇಳಿಬರುವ ಮಾತು ಒಂದೇ: "ಗ್ಯಾಸ್ ಖಾಲಿ ಆಗಿದೆ ಸಾರ್, ತುಂಬ್ಸಿದ್ರೆ ಸರಿಹೋಯ್ತದೆ." ತುಂಬಿಸಿದರೆ ಗಾಳಿ ತಣ್ಣಗಾಗುವುದು ನಿಜ. ಆ ತಂಪು ಎಷ್ಟು ದಿನ ಉಳಿಯುತ್ತದೆ ಎಂಬುದು ಮಾತ್ರ ತೂತಿನ ಗಾತ್ರಕ್ಕೆ ಬಿಟ್ಟದ್ದು.

ವ್ಯವಸ್ಥೆಯ ಮುಖ್ಯ ಅಂಗಗಳು ಐದು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದೆ ನಿಂತ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಡ್ರೈಯರ್ ತೇವವನ್ನು ಹೀರಿಕೊಳ್ಳುತ್ತದೆ. ಎಕ್ಸ್‌ಪ್ಯಾನ್ಶನ್ ವಾಲ್ವ್‌ನ ಕಿರುದಾರಿಯಲ್ಲಿ ಒತ್ತಡ ಒಮ್ಮೆಲೇ ಇಳಿದು, ಡ್ಯಾಶ್‌ಬೋರ್ಡಿನ ಹಿಂದಿರುವ ಇವ್ಯಾಪರೇಟರ್‌ನಲ್ಲಿ, ಅಂದರೆ ಗ್ಯಾರೇಜಿನವರ 'ಕೂಲಿಂಗ್ ಕಾಯಿಲ್'ನಲ್ಲಿ, ದ್ರವ ಕುದಿದು ಕಾರಿನೊಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಇಂದು ನಮ್ಮ ರಸ್ತೆಗಳಲ್ಲಿರುವ ಬಹುಪಾಲು ಕಾರುಗಳಲ್ಲಿರುವುದು ಆರ್-134ಎ. ಬಯಲಿಗೆ ಬಿಟ್ಟರೆ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಸಾಮಾನ್ಯ ಕಾರಿಗೆ ಬೇಕಾಗುವುದು ಸುಮಾರು 300ರಿಂದ 600 ಗ್ರಾಂ. ಖಚಿತ ತೂಕವನ್ನು ಬಾನೆಟ್ಟಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ ತಯಾರಕರೇ ಬರೆದಿರುತ್ತಾರೆ.

ಮನೆಯ ಫ್ರಿಜ್ಜು ಹದಿನೈದು ವರ್ಷ ಗ್ಯಾಸ್ ಕೇಳದೆ ಓಡುವುದುಂಟು. ಕಾರಿನ ಎಸಿಗೆ ಆ ಭಾಗ್ಯವಿಲ್ಲದ್ದಕ್ಕೆ ರಚನೆಯೇ ಕಾರಣ. ಫ್ರಿಜ್ಜಿನಲ್ಲಿ ಮೋಟಾರು, ಕಂಪ್ರೆಸರ್ ಎರಡೂ ಬೆಸುಗೆ ಹಾಕಿದ ಒಂದೇ ಡಬ್ಬಿಯೊಳಗಿವೆ, ಕೊಳವೆಗಳೂ ಬೆಸೆದವೇ. ಕಾರಿನಲ್ಲಿ ಕಂಪ್ರೆಸರಿನ ಶಾಫ್ಟ್ ಹೊರಗಿನ ಪುಲ್ಲಿಗೆ ಸೇರಬೇಕು, ಆದ್ದರಿಂದ ಅಲ್ಲಿ ತಿರುಗುವ ಸೀಲ್ ಬೇಕು. ಎಂಜಿನ್ ಅಲುಗಾಡುತ್ತದೆ, ಬಾಡಿ ಬೇರೆ ರೀತಿಯಲ್ಲಿ ಅಲುಗಾಡುತ್ತದೆ, ಎರಡನ್ನೂ ಜೋಡಿಸಲು ರಬ್ಬರ್ ಹೋಸ್ ಬೇಕು. ಪ್ರತಿ ಜೋಡಣೆಯಲ್ಲೂ ಒಂದು ಓ-ರಿಂಗ್. ಹೀಗಾಗಿ ಯಾವ ಕೆಡುಕೂ ಇಲ್ಲದ ಕಾರು ಸಹ ವರ್ಷಕ್ಕೆ ಕೆಲವು ಗ್ರಾಂ ಕಳೆದುಕೊಳ್ಳುತ್ತದೆ. ಎಂಟು ಹತ್ತು ವರ್ಷಕ್ಕೊಮ್ಮೆ ಸ್ವಲ್ಪ ಸೇರಿಸಬೇಕಾಗಿ ಬಂದರೆ ಅದು ಸಹಜ. ಪ್ರತಿ ಬೇಸಿಗೆಗೂ ತುಂಬಿಸಬೇಕೆಂದರೆ ಅದು ರೋಗ.

ಹಾಸನ ಜಿಲ್ಲೆಯ ಹವೆ ಈ ರೋಗಕ್ಕೆ ತನ್ನದೇ ಬಣ್ಣ ಕೊಡುತ್ತದೆ. ಹಾಸನ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಜನವರಿಯವರೆಗೆ ಇಲ್ಲಿ ಕಿಟಕಿ ಇಳಿಸಿದರೆ ಸಾಕು, ಎಸಿಯ ಗುಂಡಿ ಒತ್ತುವವರು ಕಡಿಮೆ. ಕಾರಿಗೆ ಇದರಿಂದ ಒಳ್ಳೆಯದೇ ಆಗುತ್ತದೆ ಎಂದು ನಂಬುವವರು ಹೆಚ್ಚು, ಆದರೆ ಆಗುವುದು ತದ್ವಿರುದ್ಧ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತ ಶಾಫ್ಟ್ ಸೀಲನ್ನು ನೆನೆಸಿಡುತ್ತದೆ. ತಿಂಗಳುಗಟ್ಟಲೆ ಎಸಿ ನಿಂತರೆ ಎಣ್ಣೆ ತಳಕ್ಕಿಳಿದು ಸೀಲಿನ ಅಂಚು ಒಣಗುತ್ತದೆ, ಗ್ಯಾಸ್ ಮೆಲ್ಲಗೆ ಜಾರಿಹೋಗುತ್ತದೆ. ಮಾರ್ಚಿನಲ್ಲಿ ಮೊದಲ ಬಾರಿ ಗುಂಡಿ ಒತ್ತಿದಾಗ ಬಿಸಿಗಾಳಿ ಬರುವುದರ ಹಿಂದೆ ಅನೇಕ ಸಲ ಇದೇ ಕತೆ ಇರುತ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸುವುದು ಕೈಯಿಂದ ಕಾಸು ಬೀಳದ ಮದ್ದು. ಗಾಜಿನ ಮಂಜು ಬಿಡಿಸಲು ಅದು ಹೇಗೂ ಬೇಕು: ಕೂಲಿಂಗ್ ಕಾಯಿಲ್ ಗಾಳಿಯ ತೇವ ತೆಗೆಯುವುದರಿಂದ, ಸಕಲೇಶಪುರ ದಾಟಿ ಸುರಿಮಳೆಯಲ್ಲಿ ಇಳಿಯುವಾಗ ಮುಂದಿನ ಗಾಜನ್ನು ತಿಳಿಯಾಗಿಡುವುದು ಎಸಿಯೇ.

ಇದೇ ತಂಪು ಇನ್ನೊಂದು ಬಗೆಯಲ್ಲೂ ಸೋರಿಕೆಯನ್ನು ಮರೆಮಾಡುತ್ತದೆ. ಗ್ಯಾಸ್ ಕಾಲು ಪಾಲು ಕಡಿಮೆಯಾಗಿದ್ದರೂ ಹಾಸನದ ಸಂಜೆಯಲ್ಲಿ ಎಸಿ ತಣ್ಣಗೇ ಇರುತ್ತದೆ, ಏಕೆಂದರೆ ಅಲ್ಲಿ ಕೆಲಸವೇ ಕಡಿಮೆ. ಅದೇ ಕಾರು ಶಿರಾಡಿ ಘಾಟಿ ಇಳಿದು ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿಯ ಸೆಕೆಗೆ ತಲುಪಿದಾಗ ಸೋಲುತ್ತದೆ. ಕರಾವಳಿಯ ಗಾಳಿ ಬಿಸಿ ಮಾತ್ರವಲ್ಲ, ತೇವ ತುಂಬಿದ್ದು. ಆ ತೇವವನ್ನು ನೀರಾಗಿಸಲು ಕಾಯಿಲ್ ಬಹಳ ಶಾಖ ಹೀರಬೇಕು. "ಊರಲ್ಲಿ ಸರಿಯಾಗಿತ್ತು, ಮಂಗಳೂರಲ್ಲಿ ಕೈಕೊಡ್ತು" ಎಂದು ದೂರುವ ಟ್ಯಾಕ್ಸಿ ಚಾಲಕ ಹೇಳುತ್ತಿರುವುದು ಬಹುಮಟ್ಟಿಗೆ ಹಳೆಯ ಸೋರಿಕೆಯ ಸುದ್ದಿ.

ಸೋರುವ ಜಾಗಗಳಲ್ಲಿ ಕಂಡೆನ್ಸರ್ ಮೊದಲನೆಯದು. ಬಂಪರಿನ ಹಿಂದೆಯೇ ಇರುವ ಅದರ ಅಲ್ಯೂಮಿನಿಯಂ ನಳಿಕೆಗಳು ತೀರ ತೆಳು. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣ, ಶಾಂತಿಗ್ರಾಮ, ಹಾಸನಗಳ ನಡುವೆ ವೇಗವಾಗಿ ಓಡುವ ಕಾರಿಗೆ ಮುಂದಿನ ಟಿಪ್ಪರಿನಿಂದ ಹಾರಿದ ಜಲ್ಲಿಕಲ್ಲು ಒಂದು ಸಾಕು. ಹಳ್ಳಿದಾರಿಯ ತೊಂದರೆ ಬೇರೆ. ಅರಕಲಗೂಡಿನ ಹೊಗೆಸೊಪ್ಪು, ಆಲೂಗಡ್ಡೆ ಹೊಲಗಳ ಮಣ್ಣುರಸ್ತೆಯಲ್ಲಿ ಓಡಾಡುವ ವಾಹನದ ಕಂಡೆನ್ಸರ್ ರೆಕ್ಕೆಗಳ ನಡುವೆ ಕೆಂಪು ಧೂಳು, ಹುಳು, ತರಗು ಮೆತ್ತಿ, ಮಳೆಯಲ್ಲಿ ನೆನೆದು, ಲೋಹವನ್ನು ನಿಧಾನವಾಗಿ ತಿನ್ನುತ್ತದೆ. ಕೆಸರು ತೊಳೆಯಲು ವಾಟರ್ ಸರ್ವಿಸ್‌ನ ಜೋರು ನೀರನ್ನು ಹತ್ತಿರದಿಂದ ಬಿಟ್ಟರೆ ರೆಕ್ಕೆಗಳು ಮಡಚಿಕೊಂಡು ಗಾಳಿ ಕಟ್ಟುತ್ತದೆ. ಕೂಲಿಂಗ್ ಕಾಯಿಲ್ ಕೂಡ ಹೀಗೆಯೇ ಒದ್ದೆ ಕಸದಿಂದ ತೂತಾಗುತ್ತದೆ, ಆದರೆ ಅದು ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ಸೀಟಿಗೂ ಎಸಿ ಇರುವ ಇನ್ನೋವಾ, ಟೆಂಪೋ ಟ್ರಾವೆಲರ್‌ನಂಥ ವಾಹನಗಳಲ್ಲಿ ಉದ್ದನೆಯ ಪೈಪುಗಳು ನೆಲದಡಿ ಸಾಗುತ್ತವೆ. ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಸುತ್ತುವ ಪ್ರವಾಸಿ ವಾಹನಗಳಲ್ಲಿ ಈ ಪೈಪನ್ನು ನೋಡದೆ ಪರೀಕ್ಷೆ ಮುಗಿಸಿದರೆ ಅದು ಅರ್ಧ ಪರೀಕ್ಷೆ. ಕಣಜ, ಕೊಟ್ಟಿಗೆಗಳ ಪಕ್ಕ ನಿಲ್ಲುವ ಕಾರಿನ ಹೋಸನ್ನು ಇಲಿ ಕಡಿಯುವುದೂ ಉಂಟು. ಎಲ್ಲಕ್ಕಿಂತ ಚಿಲ್ಲರೆ ಕಾರಣ, ಗ್ಯಾಸ್ ತುಂಬುವ ವಾಲ್ವಿನ ಪ್ಲಾಸ್ಟಿಕ್ ಮುಚ್ಚಳ ಕಳೆದುಹೋಗಿರುವುದು. ಒಳಗಿನ ಪಿನ್ ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ, ರಬ್ಬರ್ ವಾಷರ್ ಇರುವ ಆ ಮುಚ್ಚಳವೂ ಒಂದು ಸೀಲೇ.

ಎಸಿ ಓಡಿದ ಮೇಲೆ ಕಾರಿನಡಿ ತೊಟ್ಟಿಕ್ಕುವ ನೀರನ್ನು ಕಂಡು ಗಾಬರಿಯಾಗಬೇಕಿಲ್ಲ. ಅದು ಗಾಳಿಯ ತೇವ, ಎಸಿ ಚೆನ್ನಾಗಿದೆ ಎಂಬುದರ ಗುರುತು. ಗ್ಯಾಸ್ ನೆಲದ ಮೇಲೆ ತೊಟ್ಟಿಕ್ಕುವುದಿಲ್ಲ, ಹೊರಬಂದ ಕ್ಷಣವೇ ಆವಿ. ಅದು ಬಿಟ್ಟುಹೋಗುವುದು ಎಣ್ಣೆಯ ಕಲೆಯನ್ನು. ಜೋಡಣೆಯ ಸುತ್ತ, ಕಂಡೆನ್ಸರಿನ ಮೂಲೆಯಲ್ಲಿ, ಕಂಪ್ರೆಸರಿನ ಪುಲ್ಲಿಯ ಹಿಂದೆ ಧೂಳು ಕಪ್ಪಗೆ ಜಿಡ್ಡಾಗಿ ಅಂಟಿದ್ದರೆ ಹುಡುಕಾಟದ ಮೊದಲ ಹೆಜ್ಜೆ ಅಲ್ಲಿಗೇ. ಅನುಭವಿ ಮೆಕ್ಯಾನಿಕ್ ಗೇಜ್ ಹಚ್ಚುವ ಮುಂಚೆ ಟಾರ್ಚ್ ಹಿಡಿದು ಒಂದು ಸುತ್ತು ನೋಡುವುದು ಇದಕ್ಕಾಗಿ. ಇನ್ನುಳಿದ ಲಕ್ಷಣಗಳೆಂದರೆ ಕಂಪ್ರೆಸರಿನ ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಟಕ್ ಎಂದು ಹಿಡಿದು ಬಿಡುವುದು, ಓಡುವಾಗ ತಂಪಾಗಿದ್ದದ್ದು ನಿಂತಾಗ ಬೆಚ್ಚಗಾಗುವುದು. ಎರಡನೆಯದಕ್ಕೆ ಕೆಟ್ಟ ಫ್ಯಾನೂ ಕಾರಣವಾಗಬಹುದು, ಆದ್ದರಿಂದ ಅದನ್ನೇ ನಂಬಿ ಗ್ಯಾಸ್ ತುಂಬಬಾರದು.

ಗೇಜಿನ ವಿಷಯದಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ಎಂಜಿನ್ ನಿಂತಿರುವಾಗ ಕಾಣುವ ಒತ್ತಡ ಗ್ಯಾಸಿನ ಪ್ರಮಾಣವನ್ನು ಹೇಳುವುದೇ ಇಲ್ಲ. ವ್ಯವಸ್ಥೆಯೊಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಸಾಕು, ಒತ್ತಡವನ್ನು ನಿರ್ಧರಿಸುವುದು ಉಷ್ಣಾಂಶ ಮಾತ್ರ: 25 ಡಿಗ್ರಿಯಲ್ಲಿ ಸುಮಾರು 82 ಪಿಎಸ್‌ಐ, 30 ಡಿಗ್ರಿಯಲ್ಲಿ ಸುಮಾರು 97. ನೂರು ಗ್ರಾಂ ಇದ್ದರೂ ಇಷ್ಟೇ, ಐನೂರು ಇದ್ದರೂ ಇಷ್ಟೇ. ಸರಿಯಾದ ದಾರಿ ಒಂದೇ. ಉಳಿದ ಗ್ಯಾಸನ್ನು ರಿಕವರಿ ಯಂತ್ರದಿಂದ ಹಿಂದಕ್ಕೆಳೆದು ತೂಗಬೇಕು. ಚೀಟಿಯಲ್ಲಿ 450 ಎಂದಿದ್ದು ಯಂತ್ರಕ್ಕೆ 200 ಗ್ರಾಂ ಮಾತ್ರ ಸಿಕ್ಕಿದರೆ ಸೋರಿಕೆಯ ಪ್ರಮಾಣ ಗೊತ್ತಾಯಿತು.

ಪತ್ತೆಯ ವಿಧಾನಗಳಲ್ಲಿ ಹಳೆಯದು, ಅಗ್ಗದ್ದು ಸೋಪಿನ ನೊರೆ. ಜೋಡಣೆಗಳಿಗೆ ಹಚ್ಚಿದರೆ ದೊಡ್ಡ ಸೋರಿಕೆ ಗುಳ್ಳೆಯಾಗಿ ಎದ್ದು ಕಾಣುತ್ತದೆ, ಸಣ್ಣದು ಕಾಣುವುದಿಲ್ಲ. ಬಿಚ್ಚಿದ ಕಂಡೆನ್ಸರನ್ನು ನೈಟ್ರೋಜನ್ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು ಟೈರ್ ಪಂಕ್ಚರ್ ಹುಡುಕುವ ಕ್ರಮವೇ, ಮತ್ತು ಅಷ್ಟೇ ನಂಬಿಕಸ್ಥವಾದದ್ದು. ಹಳೆಯ ಗ್ಯಾಸ್ ಆರ್-12ರ ಕಾಲದಲ್ಲಿ ಹ್ಯಾಲೈಡ್ ಟಾರ್ಚ್ ಎಂಬ ದೀಪವಿತ್ತು. ಗ್ಯಾಸಿನಲ್ಲಿದ್ದ ಕ್ಲೋರಿನ್ ಕಾದ ತಾಮ್ರಕ್ಕೆ ತಾಗಿದಾಗ ಜ್ವಾಲೆ ಹಸಿರಾಗುತ್ತಿತ್ತು. ಆರ್-134ಎಯಲ್ಲಿ ಕ್ಲೋರಿನ್ ಇಲ್ಲ, ಹಾಗಾಗಿ ಆ ದೀಪದ ಕಾಲ ಮುಗಿಯಿತು. ಈಗ ಎಣ್ಣೆಯೊಂದಿಗೆ ಬೆರೆಯುವ ಡೈ ಹಾಕಿ, ಕೆಲವು ದಿನ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದು ನೋಡುತ್ತಾರೆ. ಸೋರಿದಲ್ಲಿ ಹಳದಿ-ಹಸಿರು ಹೊಳಪು. ಕೂಲಿಂಗ್ ಕಾಯಿಲ್ ಸೋರುತ್ತಿದ್ದರೆ ಕಾರಿನಡಿ ಬೀಳುವ ನೀರಿನಲ್ಲೇ ಆ ಹೊಳಪು ಸಿಗಬಹುದು.

ಎಲೆಕ್ಟ್ರಾನಿಕ್ ಡಿಟೆಕ್ಟರ್ ಇವೆಲ್ಲಕ್ಕಿಂತ ಚುರುಕು. ಆರ್-134ಎಗಾಗಿ ಇರುವ ಎಸ್‌ಎಇ ಜೆ-2791 ಮಾನದಂಡದ ಉಪಕರಣ ವರ್ಷಕ್ಕೆ 14, 7 ಮತ್ತು 4 ಗ್ರಾಂ ಎಂಬ ಮೂರು ಮಟ್ಟದ ಸೋರಿಕೆಯನ್ನು ಹಿಡಿಯಬೇಕು. ಗ್ಯಾಸ್ ಗಾಳಿಗಿಂತ ಸುಮಾರು ಮೂರೂವರೆ ಪಟ್ಟು ಭಾರ, ಆದ್ದರಿಂದ ಮೂತಿಯನ್ನು ಜೋಡಣೆಯ ಕೆಳಭಾಗದಲ್ಲಿ ನಿಧಾನವಾಗಿ ಸರಿಸಬೇಕು, ಗಾಳಿ ಬೀಸದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ. ರಸ್ತೆಯಂಚಿನ ತೆರೆದ ಶೆಡ್ಡಿನಲ್ಲಿ ಲಾರಿ ಹಾದುಹೋದಾಗಲೆಲ್ಲ ಗಾಳಿ ಬೀಸಿ ಸುಳಿವನ್ನು ಅಳಿಸುತ್ತದೆ. ಕಾಯಿಲ್ ಪರೀಕ್ಷೆಗೆ ಬ್ಲೋವರ್ ಸ್ವಲ್ಪ ಓಡಿಸಿ ನಿಲ್ಲಿಸಿ, ಗ್ಯಾಸ್ ತಳಕ್ಕಿಳಿಯಲು ಬಿಟ್ಟು, ನೀರು ಹೋಗುವ ಕೊಳವೆಯ ಬಾಯಿಯಲ್ಲಿ ಮೂತಿ ಹಿಡಿಯಬೇಕು. ನೀರು ಮೂತಿಗೆ ತಾಗಕೂಡದು.

ಈ ಅಂಕಿಗಳನ್ನು ಗಿರಾಕಿಯೂ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. 450 ಗ್ರಾಂ ತುಂಬಿಸಿದ್ದು ಒಂದು ತಿಂಗಳಲ್ಲಿ ಖಾಲಿಯಾದರೆ ದಿನಕ್ಕೆ 15 ಗ್ರಾಂ ಹೋಗಿದೆ. ಡಿಟೆಕ್ಟರ್ ಹಿಡಿಯಬಲ್ಲ ವರ್ಷಕ್ಕೆ 14 ಗ್ರಾಂಗಿಂತ ಇದು ಸುಮಾರು ನಾನೂರು ಪಟ್ಟು ದೊಡ್ಡದು. ಅಂಥ ಕಾರನ್ನು ನೋಡಿ 'ಲೀಕೇಜ್ ಸಿಗಲಿಲ್ಲ' ಎಂದರೆ ನೋಡಬೇಕಾದಲ್ಲಿ ನೋಡಿಲ್ಲ ಎಂದಷ್ಟೇ ತಿಳಿಯಬೇಕು.

ಪೂರ್ತಿ ಖಾಲಿಯಾದ ವ್ಯವಸ್ಥೆಗೆ ಒಣ ನೈಟ್ರೋಜನ್ ಒಳ್ಳೆಯ ಪರೀಕ್ಷೆ. ಸಿಲಿಂಡರಿಗೆ ರೆಗ್ಯುಲೇಟರ್ ಹಾಕಿ ಸುಮಾರು 150 ಪಿಎಸ್‌ಐವರೆಗೆ ತುಂಬಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾಯುತ್ತಾರೆ. ಇದರ ಬದಲು ಟೈರಿಗೆ ಹಾಕುವ ಗಾಳಿ ತುಂಬುವುದು ತಪ್ಪು. ಅದರ ತೇವ ಒಳಗೇ ಉಳಿಯುತ್ತದೆ. ಒತ್ತಡದಲ್ಲಿರುವ ಗಾಳಿಯೊಂದಿಗೆ ಬೆರೆತರೆ ಆರ್-134ಎ ಸಹ ಹೊತ್ತಿಕೊಳ್ಳಬಲ್ಲದು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಅಂತೂ ಎಣ್ಣೆಗೆ ತಾಗಿದರೆ ಸ್ಫೋಟವೇ.

ವ್ಯಾಕ್ಯೂಮ್ ಪರೀಕ್ಷೆಯ ವಿಷಯದಲ್ಲಿ ಹಾಸನದವರು ವಿಶೇಷವಾಗಿ ತಿಳಿದಿರಬೇಕಾದದ್ದೊಂದಿದೆ. ಪಠ್ಯಪುಸ್ತಕಗಳು ಪಾದರಸದ 29 ಇಂಚಿನವರೆಗೆ ವ್ಯಾಕ್ಯೂಮ್ ಎಳೆಯಿರಿ ಎನ್ನುತ್ತವೆ. ಅದು ಮಂಗಳೂರಿನಂಥ ಕಡಲತೀರದ ಲೆಕ್ಕ. ಅಲ್ಲಿ ವಾತಾವರಣದ ಒತ್ತಡವೇ ಸುಮಾರು 29.9 ಇಂಚು. 970 ಮೀಟರ್ ಎತ್ತರದಲ್ಲಿ ಅದು 26.6ರ ಆಸುಪಾಸಿಗೆ ಇಳಿಯುತ್ತದೆ. ಎಷ್ಟೇ ಒಳ್ಳೆಯ ಪಂಪಾದರೂ ಹಾಸನದಲ್ಲಿ ಸಾಮಾನ್ಯ ಗೇಜಿನ ಮುಳ್ಳನ್ನು ಅದಕ್ಕಿಂತ ಕೆಳಗೆ ಇಳಿಸಲಾರದು. ಪುಸ್ತಕ ನಂಬಿದವರು ಪಂಪನ್ನೋ ಇಲ್ಲದ ಸೋರಿಕೆಯನ್ನೋ ದೂರುತ್ತಾರೆ. ಇನ್ನೊಂದು ಬದಿಯ ಅಪಾಯವೂ ಇದೆ. 25 ಡಿಗ್ರಿಯಲ್ಲಿ ಒಳಗಿನ ನೀರು ಕುದಿದು ಹೊರಬರಬೇಕಾದರೆ ಇಲ್ಲಿ ಮುಳ್ಳು 25.7 ದಾಟಲೇಬೇಕು. ಅಂದರೆ ಸಾಕು ಮತ್ತು ಸಾಲದು ಎಂಬುದರ ನಡುವೆ ಇರುವುದು ಒಂದೇ ಇಂಚು, ಅಗ್ಗದ ಗೇಜಿನಲ್ಲಿ ಕಣ್ಣಳತೆಗೆ ಸಿಗದಷ್ಟು. ಊರಿನ ಎತ್ತರ ಲೆಕ್ಕಿಸದೆ ನಿಜವಾದ ಒತ್ತಡ ತೋರಿಸುವ ಮೈಕ್ರಾನ್ ಗೇಜ್ ಬೆಂಗಳೂರು, ಮೈಸೂರು, ಹಾಸನಗಳಂಥ ಪ್ರಸ್ಥಭೂಮಿಯ ಊರುಗಳಿಗೆ ಹೇಳಿ ಮಾಡಿಸಿದ್ದು.

ವ್ಯಾಕ್ಯೂಮ್ ನಿಂತಿತು ಎಂದಮಾತ್ರಕ್ಕೆ ಸೋರಿಕೆಯಿಲ್ಲ ಎನ್ನಲೂ ಆಗದು. ಆಗ ಹೊರಗಿನ ಗಾಳಿ ಒಳಮುಖವಾಗಿ ಒತ್ತುವುದು ಒಂದು ವಾತಾವರಣಕ್ಕಿಂತಲೂ ಕಡಿಮೆ ಬಲದಲ್ಲಿ. ಎಸಿ ಓಡುವಾಗ ಕಂಡೆನ್ಸರಿನ ಕಡೆ ಹದಿನೈದು ವಾತಾವರಣದಷ್ಟು ಬಲ ಹೊರಮುಖವಾಗಿ ಒತ್ತುತ್ತದೆ. ಒಳಗೆಳೆದಾಗ ಮುಚ್ಚಿಕೊಳ್ಳುವ ಸೀಲು ಹೊರಗೊತ್ತಿದಾಗ ತೆರೆದುಕೊಳ್ಳಬಹುದು. ವ್ಯಾಕ್ಯೂಮ್ ಇರುವುದು ಮುಖ್ಯವಾಗಿ ಒಣಗಿಸಲು, ಸೋರಿಕೆಗೆ ನೈಟ್ರೋಜನ್‌ನ ಮಾತೇ ಕೊನೆಯದು.

ದುರಸ್ತಿಯಲ್ಲಿ ಸುಲಭವಾದದ್ದು ಓ-ರಿಂಗ್ ಮತ್ತು ವಾಲ್ವ್ ಪಿನ್. ಆರ್-134ಎಗೆ ಒಗ್ಗುವ ರಬ್ಬರಿನದೇ ಆಗಿರಬೇಕು, ಎಣ್ಣೆ ಸವರಿ ಕೂರಿಸಬೇಕು. ಹೋಸ್ ಹೋದರೆ ಹೊಸ ರಬ್ಬರನ್ನು ಹಳೆಯ ತುದಿಗಳಿಗೆ ಕ್ರಿಂಪ್ ಮಾಡಿಸಬಹುದು, ಕ್ಲಿಪ್ಪು ಬಿಗಿದರೆ ನಿಲ್ಲದು. ಅಲ್ಯೂಮಿನಿಯಂ ಪೈಪಿನ ಸೀಳಿಗೆ ಆರ್ಗನ್ ವೆಲ್ಡಿಂಗ್ ನಡೆಯುತ್ತದೆ. ಕಂಡೆನ್ಸರಿನ ತೆಳು ನಳಿಕೆಗೆ ಅದು ತಾತ್ಕಾಲಿಕ, ಬದಲಿಸುವುದೇ ಲೇಸು. ಬೆಸೆಯುವ ಮುಂಚೆ ಗ್ಯಾಸ್ ಪೂರ್ತಿ ತೆಗೆದಿರಬೇಕು. ಜ್ವಾಲೆಗೆ ಸಿಕ್ಕ ಗ್ಯಾಸಿನಿಂದ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷ ಹುಟ್ಟುತ್ತದೆ. ಕೂಲಿಂಗ್ ಕಾಯಿಲ್ ಕೆಟ್ಟರೆ ಅನೇಕ ಮಾದರಿಗಳಲ್ಲಿ ಡ್ಯಾಶ್‌ಬೋರ್ಡನ್ನೇ ಇಳಿಸಬೇಕು, ಭಾಗಕ್ಕಿಂತ ಕೂಲಿಯೇ ದೊಡ್ಡದಾಗುವ ಕೆಲಸ. ವ್ಯವಸ್ಥೆ ತೆರೆದು ಬಹಳ ಹೊತ್ತಾಗಿದ್ದರೆ ಡ್ರೈಯರ್ ಹೊಸದು ಬೇಕು. ಗ್ಯಾಸಿನೊಂದಿಗೆ ಎಷ್ಟು ಎಣ್ಣೆ ಹೋಗಿದೆಯೋ ಅಷ್ಟು ಸೇರಿಸಬೇಕು. ಎಣ್ಣೆ ಮರೆತು ಮತ್ತೆ ಮತ್ತೆ ಗ್ಯಾಸ್ ಮಾತ್ರ ತುಂಬಿದ ಕಾರುಗಳಲ್ಲೇ ಕಂಪ್ರೆಸರ್ ಹಿಡಿದುಕೊಳ್ಳುವುದು ಹೆಚ್ಚು. ಕೊನೆಯಲ್ಲಿ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು. ಜಾಸ್ತಿಯಾದರೂ ತಂಪು ಕಡಿಮೆಯಾಗುತ್ತದೆ.

ಡಬ್ಬಿಯಲ್ಲಿ ಸಿಗುವ ಲೀಕ್ ಸೀಲರ್ ಸಣ್ಣ ತೂತನ್ನು ಮುಚ್ಚಬಹುದು, ತೇವ ಸಿಕ್ಕಲ್ಲಿ ಗಟ್ಟಿಯಾಗಿ ಎಕ್ಸ್‌ಪ್ಯಾನ್ಶನ್ ವಾಲ್ವನ್ನೂ ಮುಂದಿನ ಗ್ಯಾರೇಜಿನ ರಿಕವರಿ ಯಂತ್ರವನ್ನೂ ಮುಚ್ಚಿಬಿಡಬಹುದು. ಅಡುಗೆ ಅನಿಲ ತುಂಬುವುದು ಜೀವದ ಜೊತೆ ಆಟ: ಕಾಯಿಲ್ ಸೋರಿದರೆ ಅದು ಸೇರುವುದು ನೇರವಾಗಿ ಕಿಟಕಿ ಮುಚ್ಚಿದ ಕಾರಿನೊಳಕ್ಕೆ. ನಕಲಿ ಆರ್-134ಎ ಇನ್ನೂ ಭೀಕರ. ಅದರಲ್ಲಿ ಬೆರೆಸುವ ಮೀಥೈಲ್ ಕ್ಲೋರೈಡ್ ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದೊಡನೆ ತಾನೇ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. 2011ರಲ್ಲಿ ವಿಯೆಟ್ನಾಂನಲ್ಲಿ ಸರ್ವಿಸ್ ಆಗಿದ್ದ ಹಡಗಿನ ಶೀತಲ ಕಂಟೇನರ್‌ಗಳು ಹೀಗೆಯೇ ಸಿಡಿದು ಮೂವರು ಕೆಲಸಗಾರರು ಪ್ರಾಣ ಕಳೆದುಕೊಂಡರು.

ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತದೆ ಎಂಬುದು ಗ್ಯಾರೇಜಿನಾಚೆಯ ಪ್ರಶ್ನೆ. ಮಾರುತಿ 800, ಕಾಂಟೆಸ್ಸಾ ಕಾಲದ ಎಸಿಗಳಲ್ಲಿದ್ದ ಆರ್-12 ಓಜೋನ್ ಪದರವನ್ನು ತಿನ್ನುತ್ತದೆ ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು, 2000ದಲ್ಲಿ ಓಜೋನ್ ನಾಶಕಗಳ ನಿಯಮಗಳು ಬಂದವು. ಬದಲಿಗೆ ಬಂದ ಆರ್-134ಎ ಓಜೋನ್‌ಗೆ ನಿರಪಾಯ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿನ ಸುಮಾರು 1,430 ಪಟ್ಟು. ಅರ್ಧ ಕಿಲೋ ಸೋರಿದರೆ 715 ಕಿಲೋ ಇಂಗಾಲದ ಡೈ ಆಕ್ಸೈಡ್ ಬಿಟ್ಟಂತೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು ಅಷ್ಟು ಹೊಗೆ ಬಿಡಲು ಹಾಸನ–ಬೆಂಗಳೂರು ನಡುವೆ ಹನ್ನೆರಡು ಬಾರಿ ಹೋಗಿಬರಬೇಕು. ಯುರೋಪು 2017ರಿಂದ ಹೊಸ ಕಾರುಗಳಲ್ಲಿ ಆರ್-134ಎಯನ್ನು ನಿಲ್ಲಿಸಿ, ತುಸು ಬೆಂಕಿ ಹಿಡಿಯುವ ಗುಣವುಳ್ಳ ಆರ್-1234ವೈಎಫ್‌ನತ್ತ ಸರಿದಿದೆ. ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು. ಅದರಂತೆ ಇಲ್ಲಿ ಆರ್-134ಎ ವರ್ಗದ ಅನಿಲಗಳ ಬಳಕೆಗೆ 2028ರಲ್ಲಿ ಮಿತಿ ಬೀಳುತ್ತದೆ, 2032ರಿಂದ ಹಂತ ಹಂತವಾಗಿ ಇಳಿದು 2047ಕ್ಕೆ ಶೇಕಡಾ 85 ಕಡಿತವಾಗಬೇಕು.

ಅತ್ತ ಗ್ಯಾಸಿಗೆ ಮಿತಿ ಬೀಳುವ ಹೊತ್ತಿಗೆ ಇತ್ತ ಎಸಿ ಇರುವ ವಾಹನಗಳು ಹೆಚ್ಚುತ್ತಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಕೇಂದ್ರ ಸರ್ಕಾರ ಎಸಿ ಕಡ್ಡಾಯ ಮಾಡಿದೆ. ಚನ್ನರಾಯಪಟ್ಟಣದ ತೆಂಗಿನಕಾಯಿ, ಹಾಸನದ ಆಲೂಗಡ್ಡೆ ಹೊರುವ ಲಾರಿಯ ಚಾಲಕನಿಗೆ ತಡವಾಗಿ ಸಿಕ್ಕ ನ್ಯಾಯವಿದು. ಹೆದ್ದಾರಿ ಬದಿಯ ಮೆಕ್ಯಾನಿಕ್‌ಗೆ ಹೊಸ ಕೆಲಸ. ಎಲೆಕ್ಟ್ರಿಕ್ ಕಾರುಗಳಲ್ಲಿ ಕಂಪ್ರೆಸರ್ ಬೆಲ್ಟಿನಿಂದಲ್ಲ, ನೂರಾರು ವೋಲ್ಟಿನ ವಿದ್ಯುತ್ತಿನಿಂದ ಓಡುತ್ತದೆ. ತಿರುಗುವ ಶಾಫ್ಟ್ ಸೀಲ್ ಅಲ್ಲಿಲ್ಲ, ಹಾಗಾಗಿ ಸೋರುವ ಒಂದು ದಾರಿ ಮುಚ್ಚಿದೆ. ಆದರೆ ಮಾಮೂಲಿ ಕಾರಿನ ಕಂಪ್ರೆಸರಿಗೆ ಹಾಕುವ ಪಿಎಜಿ ಎಣ್ಣೆ ವಿದ್ಯುತ್ತನ್ನು ಹಾಯಿಸುವುದರಿಂದ ಅದರ ಜಿಡ್ಡು ಉಳಿದಿರುವ ಗೇಜ್ ಪೈಪನ್ನು ಈ ಕಾರುಗಳಿಗೆ ಹಚ್ಚುವಂತಿಲ್ಲ. ಎಣ್ಣೆಯೂ ಬೇರೆ, ಪೈಪೂ ಬೇರೆ ಇರಬೇಕು. ಹಲವು ಮಾದರಿಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವುದೂ ಇದೇ ಗ್ಯಾಸು. ಅದು ಸೋರಿದರೆ ಒಳಗೆ ಕೂತವರಿಗೆ ಸೆಕೆಯಾಗುವುದಷ್ಟೇ ಅಲ್ಲ, ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಬ್ಯಾಟರಿ ಬಿಸಿಯೇರಿ ಫಾಸ್ಟ್ ಚಾರ್ಜಿಂಗ್ ನಿಧಾನಕ್ಕಿಳಿಯುತ್ತದೆ.